ಇಟೊಯಾಮಾ ಸಾನ್ ಕಾಯ್ದ ಶೂನ್ಯ

ಇಟೊಯಾಮಾ ಫುಮಿಎ ಅವರು ಯಾವ ಕೆಲಸವನ್ನೂ ಬಾಯಿ ಮುಚ್ಚಿಕೊಂಡು ಮಾಡಿದವರಲ್ಲ. ಮಾಡಿದ ಪ್ರತಿಯೊಂದಕ್ಕೂ ಬಲಗೈಯ ತೋರುಬೆರಳನ್ನು ನೇರ ಚಾಚಿ, ಆ ವಸ್ತುವಿನ ಹೆಸರು ಹಿಡಿದು, ಆದದ್ದು ಆಯಿತೆಂದು ತಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ ಮೇಲೆಯೇ ಮುಂದಿನದಕ್ಕೆ ಕೈಹಾಕುತ್ತಿದ್ದರು. “ಕವಾಟ, ಮುಚ್ಚಿದೆ.” “ನೀರು, ಹರೀತಿದೆ.” “ಕನ್ನಡಕ, ಹಾಕಿದೆ.” ಅವರ ತಂದೆ ಮೊರಿಯೋಕಾದಿಂದ ಕಡಲಂಚಿನ ಮಿಯಾಕೊಗೆ ಹೋಗುವ ರೈಲಿನ ಚಾಲಕರಾಗಿದ್ದವರು, ದಾರಿಯ ಒಂದೊಂದು ಸಿಗ್ನಲ್ಲಿಗೂ ಬೆರಳು ತೋರಿಸಿ ಅದರ ಬಣ್ಣವನ್ನು ಕೂಗಿ ಹೇಳುವುದು ರೈಲಿನವರ ನಿಯಮ. ಆ ನಿಯಮ ತಂದೆಯಿಂದ ಮಗಳಿಗೆ ಇಳಿದು, ಮನೆಯ ಗ್ಯಾಸಿನ ಒಲೆಗೆ, ಬಾಗಿಲ ಬೀಗಕ್ಕೆ, ಕೊನೆಗೆ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಬೆಳಕಿನಿಂದ ಪರಮಾಣುಗಳನ್ನು ತಣಿಸುವ ಆ ಕತ್ತಲೆಯ ಪ್ರಯೋಗಶಾಲೆಗೂ ಬಂದು ಮೂವತ್ತೆಂಟು ವರ್ಷ ನಿಂತಿತು.

ವಿದ್ಯಾರ್ಥಿಗಳಿಗೆ ಇದೊಂದು ತಮಾಷೆ. ಊಟದ ಮನೆಯಲ್ಲಿ ಒಬ್ಬ ತನ್ನ ತಟ್ಟೆಗೆ ಬೆರಳು ಚಾಚಿ, “ಅನ್ನ, ಇದೆ. ಮಿಸೊ ಸಾರು, ಇದೆ. ಮೀನು, ಇದೆ,” ಎಂದು ಅವರ ದನಿಯಲ್ಲೇ ಕೂಗಿದಾಗ ಹಿಂದಿನ ಸಾಲಿನಲ್ಲಿ ಅವರೇ ನಿಂತಿದ್ದರು. ಅವರು ಕೋಪಿಸಿಕೊಳ್ಳಲಿಲ್ಲ. ಅವನ ತಟ್ಟೆಯನ್ನು ಒಮ್ಮೆ ನೋಡಿ, “ತಿನ್ನೋ ಕಡ್ಡಿ ತಗೊಂಡಿಲ್ಲ ನೀನು. ಕೈಯಲ್ಲಿ ತಿಂತೀಯಾ?” ಎಂದರು. ಅಂದಿನಿಂದ ಆ ಹುಡುಗ ತಮಾಷೆಗೆಂದು ಶುರುಮಾಡಿದ್ದನ್ನು ಬಿಡಲಾಗದೆ, ಪದವಿ ಮುಗಿಸಿ ಹೋಗುವ ತನಕ ಕೂಗುತ್ತಲೇ ಇದ್ದ.

ಆ ಕಟ್ಟಡದ ಮೇಲಂತಸ್ತಿನ ಕಚೇರಿಯಲ್ಲಿ ನಾನು ಹದಿಮೂರು ವರ್ಷ ಗುಮಾಸ್ತೆಯಾಗಿದ್ದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆಯ ಸದ್ದೂ ಗೊತ್ತಾಗುತ್ತಿತ್ತು, ಇಟೊಯಾಮಾ ಅವರದೊಂದನ್ನು ಬಿಟ್ಟು. ದೋಣಿಯಲ್ಲಿ ನಡೆಯುವವರಂತೆ ಮೊದಲು ಪಾದದ ಹೊರ ಅಂಚನ್ನು ಊರಿ, ಆಮೇಲೆ ಹಿಮ್ಮಡಿಯನ್ನು ಇಳಿಸುವ ನಡಿಗೆ ಅವರದು. ನೆಲ ನಡುಗಿದರೆ ಕನ್ನಡಿ ನಡುಗುತ್ತದೆ, ಕನ್ನಡಿ ನಡುಗಿದರೆ ಬೆಳಕಿನ ಬಣ್ಣ ಕೂದಲೆಳೆಯಷ್ಟು ಜಾರುತ್ತದೆ, ಅಷ್ಟು ಜಾರಿದರೆ ಅರ್ಧ ದಿನದ ಕೆಲಸ ಹಾಳು. ಹಾಗಾಗಿ ಅಲ್ಲಿ ಬಾಗಿಲನ್ನು ಯಾರೂ ಬಡಿಯುತ್ತಿರಲಿಲ್ಲ, ಕೆಮ್ಮು ಬಂದವರು ಹೊರಗೆ ಓಡುತ್ತಿದ್ದರು. ಬೂದಿಬಣ್ಣದ ಕೆಲಸದ ಅಂಗಿಯೊಂದನ್ನು ಅವರು ಬೇಸಿಗೆ ಚಳಿಗಾಲವೆನ್ನದೆ ತೊಡುತ್ತಿದ್ದರು. ಅದರ ಜೇಬುಗಳನ್ನೆಲ್ಲ ತಾವೇ ಹೊಲಿದು ಮುಚ್ಚಿದ್ದರು. ಬಗ್ಗಿದಾಗ ಜೇಬಿನಿಂದ ಒಂದು ಪೆನ್ನಿನ ಮುಚ್ಚಳ ಪಾತ್ರೆಯೊಳಗೆ ಬಿದ್ದರೆ ಅದನ್ನು ತೆಗೆಯಲು ಒಂದು ತಿಂಗಳು ಬೇಕು ಎಂಬುದು ಅವರ ವಿವರಣೆ. ಕರವಸ್ತ್ರವನ್ನು ತೋಳಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ಆ ಪಾತ್ರೆಯೇ ಅವರ ಬಾಳು. ಹಂಡೆಯಷ್ಟು ದೊಡ್ಡ ಉಕ್ಕಿನ ಪಾತ್ರೆ, ಸುತ್ತ ಗಾಜಿನ ಕಿಟಕಿಗಳು. ಅದರೊಳಗಿನ ಗಾಳಿಯನ್ನೆಲ್ಲ ಹೊರಗೆಳೆದು, ಆಕಾಶದಾಚೆ ಇರುವಂಥ ಶೂನ್ಯವನ್ನು ಅಲ್ಲಿ ನೆಲೆಗೊಳಿಸುವುದು ಅವರ ಕೆಲಸ. ಆ ಶೂನ್ಯದೊಳಕ್ಕೆ ಪಕ್ಕದ ಪುಟ್ಟ ಒಲೆಯಿಂದ ಯಿಟರ್ಬಿಯಂ ಎಂಬ ಲೋಹದ ಪರಮಾಣುಗಳು ವಿಮಾನದ ವೇಗದಲ್ಲಿ ನುಗ್ಗಿ ಬರುತ್ತವೆ. ಲೇಸರಿನ ಬೆಳಕು ಆರು ದಿಕ್ಕಿನಿಂದ ಅವುಗಳನ್ನು ಎದುರಿಸಿ, ಲಕ್ಷಾಂತರ ಸಣ್ಣ ತಳ್ಳುವಿಕೆಗಳಿಂದ ನಿಧಾನಗೊಳಿಸಿ, ನಡುವಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಬಿಸಿಯೆಂದರೆ ಪರಮಾಣುಗಳ ಓಟವೇ ಆದ್ದರಿಂದ, ಓಟ ನಿಂತಲ್ಲಿ ಚಳಿ. ಇದಕ್ಕಿಂತ ಕೆಳಗೆ ಚಳಿಯೇ ಇಲ್ಲವೆಂಬ ಆ ತಳಕ್ಕಿಂತ ಒಂದು ಡಿಗ್ರಿಯ ಲಕ್ಷದ ಒಂದು ಪಾಲಿನಷ್ಟು ಮಾತ್ರ ಮೇಲೆ. ಆದರೂ ಪಾತ್ರೆಯ ಹೊರಗೆ ಕೈಯಿಟ್ಟರೆ ಅದು ಕೋಣೆಯಷ್ಟೇ ಬೆಚ್ಚಗೆ. ಕಿಟಕಿಯಲ್ಲಿ ಇಣುಕಿದರೆ ಸಾಸಿವೆಯಷ್ಟು ಹಸಿರು ಬೆಳಕೊಂದು ಯಾವ ಆಧಾರವೂ ಇಲ್ಲದೆ ನಿಂತಿರುತ್ತದೆ.

ಮೊದಲ ಸಲ ಅದನ್ನು ನೋಡಿ ನಾನು ಕಿಟಕಿ ಬಿಟ್ಟು ಕದಲದಿದ್ದಾಗ, ಅವರು ತಾವಾಗಿಯೇ ಹೇಳಿದ್ದರು: “ಎದುರಿಗೆ ಓಡಿ ಬರೋರಿಗೆ ಮಾತ್ರ ತಾಗೋ ಬಣ್ಣ ಇದು. ಸುಮ್ನೆ ನಿಂತೋರಿಗೆ ಹೆಚ್ಚು ತೊಂದ್ರೆ ಕೊಡಲ್ಲ. ಎತ್ತ ಓಡಿದ್ರೂ ಬೆಳಕೇ ಎದುರಾದ್ರೆ, ಯಾರಾದ್ರೂ ಎಷ್ಟು ಹೊತ್ತು ಓಡ್ತಾರೆ ಹೇಳಿ.” ನಾನು ಶಾಲೆಯಲ್ಲಿ ವಿಜ್ಞಾನ ಕಲಿತವಳಲ್ಲ, ಆದರೆ ಆ ಮಾತು ಅರ್ಥವಾಗಲು ಶಾಲೆ ಬೇಕಾಗಲಿಲ್ಲ. ಮನೆಗೆ ಹೋಗಿ ದೇವರ ಮುಂದೆ ದೀಪ ಹಚ್ಚುವಾಗ ಆ ದಿನ ಕೈ ಸ್ವಲ್ಪ ತಡೆಯಿತು.

ಎಲ್ಲರೂ ಸೆನ್ಸೆ, ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಿದ್ದ ಪ್ರಯೋಗಶಾಲೆಯ ಮುಖ್ಯಸ್ಥ ನಗಾಎ ಅವರು ಇಪ್ಪತ್ತೆರಡರ ಹುಡುಗನಾಗಿ ಅಲ್ಲಿಗೆ ಬಂದಾಗಲೇ ಇಟೊಯಾಮಾ ಅಲ್ಲಿದ್ದರು. ಬೋಲ್ಟು ಬಿಗಿಯುವುದನ್ನು ಅವರಿಗೆ ಕಲಿಸಿದ್ದು ಇವರೇ: ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು, ಒಮ್ಮೆಗೆ ಎಂಟನೆಯ ಒಂದು ಸುತ್ತು ಮಾತ್ರ, ಹದಿನಾರು ಬೋಲ್ಟುಗಳನ್ನೂ ಹೀಗೆ ಒಂಬತ್ತು ಬಾರಿ ಸುತ್ತಿ ಬರಬೇಕು, ನಡುವೆ ಯಾರೂ ಮಾತಾಡಕೂಡದು. ಆಗಿನ ಕಾಲದಲ್ಲಿ ಒಮ್ಮೆ ಮೇಜಿನ ಹತ್ತಿರ ಸೀನಿದ್ದಕ್ಕೆ ನಗಾಎಯನ್ನು ಅವರು ಇಡೀ ದಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರಂತೆ. ಈ ಕತೆಯನ್ನು ಸೆನ್ಸೆ ಪ್ರತಿವರ್ಷ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಕೂಟದಲ್ಲಿ ಹೇಳುತ್ತಿದ್ದರು, ಮತ್ತು ಪ್ರತಿವರ್ಷ ಇಟೊಯಾಮಾ, “ಅರ್ಧ ದಿನ,” ಎಂದು ತಿದ್ದುತ್ತಿದ್ದರು.

ಹೊಸ ವರ್ಷದ ಮುಂಚೆ ಒಂದರ ಮೇಲೊಂದು ಇಟ್ಟ ಎರಡು ದುಂಡನೆಯ ಅಕ್ಕಿಹಿಟ್ಟಿನ ಮೋಚಿ, ತುದಿಗೊಂದು ಕಿತ್ತಳೆ, ಇವನ್ನು ಇಟೊಯಾಮಾ ಗಾಳಿ ಎಳೆಯುವ ಯಂತ್ರದ ಮೇಲೆ ಇಟ್ಟು, ಎರಡು ಸಲ ತಲೆಬಾಗಿ, ಸದ್ದಾಗದಂತೆ ಕೈತಟ್ಟುತ್ತಿದ್ದರು. ಸದ್ದು ಮಾಡಿ ಕರೆದರೆ ದೇವರು ಬರಬಹುದು, ಲೇಸರು ಹೋಗುತ್ತದೆ ಎಂದು ಸೆನ್ಸೆ ನಗೆಯಾಡುತ್ತಿದ್ದರು. ನಾನು ಅದರ ಬಗ್ಗೆ ಇಟೊಯಾಮಾ ಅವರನ್ನು ಏನೂ ಕೇಳಿದವಳಲ್ಲ. ಕೇಳದೆ ತಿಳಿಯುವ ಸಂಗತಿಗಳಿರುತ್ತವೆ.

ಇಷ್ಟೆಲ್ಲ ಕಟ್ಟುನಿಟ್ಟಿನ ಹೆಂಗಸಿಗೆ ನಿಯಮಕ್ಕೆ ಹೊರತಾದ ಒಂದು ಹಟವಿತ್ತು. ಪಾತ್ರೆಯ ಒಳಭಾಗವನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದು ಅಲ್ಲಿನ ಮೊದಲ ಪಾಠ; ಬೆರಳಿನ ಜಿಡ್ಡು ಒಂದು ಚುಕ್ಕೆ ಉಳಿದರೂ ಅದು ತಿಂಗಳುಗಟ್ಟಲೆ ಸಣ್ಣಗೆ ಆವಿಯನ್ನು ಬಿಡುತ್ತ ಶೂನ್ಯವನ್ನು ಕೆಡಿಸುತ್ತದೆ. ಆದರೆ ಎರಡು ಭಾಗಗಳು ಕೂಡುವಲ್ಲಿ, ತಾಮ್ರದ ಬಳೆಯನ್ನು ಕಚ್ಚಿ ಹಿಡಿಯುವ ಉಕ್ಕಿನ ಚೂಪು ಅಂಚಿನಲ್ಲಿ ಒಂದು ಗೀರು ಇದ್ದರೆ ಗಾಳಿ ಒಳಗೆ ಬರುತ್ತದೆ. ಆ ಗೀರು ಕಣ್ಣಿಗೆ ಕಾಣದು. ಇಟೊಯಾಮಾ ಎಡಗೈಯ ಗ್ಲೌಸು ಕಳಚಿ, ಹೆಬ್ಬೆರಳನ್ನು ಒಳಗೋಡೆಗೆ ಊರಿ, ನಡುಬೆರಳಿನಿಂದ ಆ ಅಂಚನ್ನು ಒಂದು ಸುತ್ತು ಸವರುತ್ತಿದ್ದರು. ಮುಟ್ಟಿದ ಜಾಗವನ್ನೆಲ್ಲ ಆಮೇಲೆ ಮೂರು ಸಲ ಒರೆಸುತ್ತಿದ್ದರು. ಭೂತಕನ್ನಡಿ ಹಿಡಿದವರಿಗೆ ಸಿಗದ ಗೀರುಗಳು ಆ ಬೆರಳಿಗೆ ಸಿಕ್ಕಿದ್ದನ್ನು ಎಲ್ಲರೂ ಕಂಡಿದ್ದರಿಂದ ಯಾರೂ ಬೇಡವೆನ್ನಲಿಲ್ಲ.

ಅವರ ನಿವೃತ್ತಿಗೆ ಆರು ತಿಂಗಳಿದ್ದ ಸೆಪ್ಟೆಂಬರಿನಲ್ಲಿ ಪಾತ್ರೆಗೆ ಹೊಸ ಕಿಟಕಿಯೊಂದನ್ನು ಕೂಡಿಸಿದರು. ಅದನ್ನು ಮಾಡಿಕೊಟ್ಟವರು ಹನಾಮಾಕಿಯಲ್ಲಿ ಒಂದೇ ಕೋಣೆಯ ಕಾರ್ಖಾನೆ ಇಟ್ಟಿದ್ದ ತೆರುಯಿ ಎಂಬ ಮುದುಕರು. ಗಾಜನ್ನು ಉಕ್ಕಿಗೆ ಬೆಸೆಯುವುದರಲ್ಲಿ ಸುತ್ತಲ ಸೀಮೆಯಲ್ಲೇ ಅವರ ಕೈಯಂಥ ಕೈ ಇರಲಿಲ್ಲ. ಆ ಕಿಟಕಿಯ ಮೂಲಕ ಮಾಡಬೇಕಾದ ಅಳತೆಗಳ ಮೇಲೆ ಕುಜೆ ಮಿಹೊ ಎಂಬ ಡಾಕ್ಟರೇಟ್ ವಿದ್ಯಾರ್ಥಿನಿಯ ಐದು ವರ್ಷದ ಓದು ನಿಂತಿತ್ತು. ಜನವರಿಯಲ್ಲಿ ಪ್ರಬಂಧ ಒಪ್ಪಿಸಬೇಕು. ಒಪ್ಪಿಸಿದರೆ ಏಪ್ರಿಲ್ಲಿನಿಂದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಕಾದಿತ್ತು. ಅಳತೆ ಸಿಗಬೇಕಾದರೆ ತಣಿದ ಪರಮಾಣುಗಳು ಇಪ್ಪತ್ತು ಸೆಕೆಂಡಾದರೂ ಹಿಡಿತದಲ್ಲಿ ನಿಲ್ಲಬೇಕಿತ್ತು.

ನಿಲ್ಲಲಿಲ್ಲ. ಎರಡು ವಾರ ಪಾತ್ರೆಯನ್ನು ಕಾಯಿಸಿ ಒಣಗಿಸಿದ ಮೇಲೂ ಶೂನ್ಯ ಶೂನ್ಯವಾಗಲಿಲ್ಲ. ಒಳಗೆ ಅಲೆಯುವ ಯಾವುದೋ ಕಣ ಬಂದು ಬಡಿದು, ಹಸಿರು ಚುಕ್ಕೆ ಮೂರು ಸೆಕೆಂಡಿಗೆ ಚದುರಿಹೋಗುತ್ತಿತ್ತು. ಎಲ್ಲಿಂದಲೋ ಗಾಳಿ ಸೋರುತ್ತಿದೆಯೆಂದು ಕುಜೆ ಮೂರು ವಾರ ಪ್ರತಿ ಸಂದಿಗೂ ಹೀಲಿಯಂ ಊದಿ ಹುಡುಕಿದಳು. ಎಲ್ಲೂ ಸೋರುತ್ತಿರಲಿಲ್ಲ. ಬೋಲ್ಟುಗಳನ್ನು ಬಿಗಿದದ್ದು ಇಟೊಯಾಮಾ. ಅಲ್ಲಿ ಹುಡುಕುವುದು ದೇವರ ಪೆಟ್ಟಿಗೆಯಲ್ಲಿ ಕಳವು ಹುಡುಕಿದ ಹಾಗೆ. ದಿನಚರಿ ಪುಸ್ತಕದಲ್ಲಿ ಪ್ರತಿ ಹಂತದ ಮುಂದೆಯೂ ಆಯಿತೆಂದು ಅವರು ಹಾಕಿದ ಗುರುತಿತ್ತು. ಹಾಗಾಗಿ ಉಳಿದದ್ದು ಒಂದೇ: ಹೊಸ ಕಿಟಕಿ. ಬೆಸುಗೆಯಲ್ಲಿ ಏನೋ ಕೊಳೆ ಸೇರಿರಬೇಕೆಂದು ಸೆನ್ಸೆ ತೆರುಯಿ ಅವರಿಗೆ ಕಾಗದ ಬರೆದರು. ಕುಜೆ ಮಾತ್ರ ಹೀಲಿಯಂ ಊದುವುದನ್ನು ಬಿಡಲಿಲ್ಲ.

ಕಾಗದಕ್ಕೆ ಉತ್ತರ ಬರಲಿಲ್ಲ, ತೆರುಯಿ ಅವರೇ ಬಂದರು. ಎಳ್ಳಿನ ಸೆಂಬೆ ಬಿಸ್ಕತ್ತಿನ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು, ಕಚೇರಿಯ ಮೂಲೆಯ ಕುರ್ಚಿಯ ತುದಿಯಲ್ಲಿ ಕೂತರು. ಇಟೊಯಾಮಾ ಚಹಾ ತಂದು ಮುದುಕರ ಮುಂದಿಟ್ಟರು. ತಾನು ಮತ್ತೊಮ್ಮೆ ಮಾಡಿಕೊಡುವುದಾಗಿಯೂ, ಎಲ್ಲಿ ತಪ್ಪಿತೆಂದು ಎಷ್ಟು ಯೋಚಿಸಿದರೂ ತನಗೆ ಹೊಳೆಯುತ್ತಿಲ್ಲವೆಂದೂ ಮುದುಕರು ಸೆನ್ಸೆಗೆ ಹೇಳಿದರು. ಆಮೇಲೆ ತಮ್ಮ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟು ನೋಡಿಕೊಂಡು, “ಹೊಳೀತಿಲ್ಲ ಅಂದ್ಮೇಲೆ ಕೈಗೆ ವಯಸ್ಸಾಯ್ತು ಅಂತಲೇ ಅರ್ಥ. ಇದೊಂದು ಮಾಡ್ಕೊಟ್ಟು ಒಲೆ ಆರಿಸ್ಬಿಡ್ತೀನಿ,” ಎಂದರು.

ಅದು ಶುಕ್ರವಾರ. ಸೋಮವಾರದ ಬೆಳಗಿನ ಸಭೆಯಲ್ಲಿ ಟಿಪ್ಪಣಿ ಬರೆಯಲು ಎಂದಿನಂತೆ ನಾನೂ ಕೂತಿದ್ದೆ. ಮೂವತ್ತೆಂಟು ವರ್ಷದಲ್ಲಿ ಆ ಸಭೆಯಲ್ಲಿ ತಾವಾಗಿ ಎದ್ದು ನಿಂತು ಮಾತಾಡಿರದಿದ್ದ ಇಟೊಯಾಮಾ ಅಂದು ಎದ್ದು ನಿಂತರು. ಸೆಪ್ಟೆಂಬರ್ ಹದಿನೆಂಟರಂದು ಕಿಟಕಿ ಕೂಡಿಸುವಾಗ ತಾವು ಬರಿಬೆರಳಿನಿಂದ ಅಂಚನ್ನು ಸವರಿದ್ದು, ‘ಗೀರು, ಇಲ್ಲ’ ಎಂದು ಹೇಳಿದ ಕೂಡಲೇ ಎಲ್ಲರ ಫೋನುಗಳೂ ಭೂಕಂಪದ ಎಚ್ಚರಿಕೆಯನ್ನು ಒಟ್ಟಿಗೆ ಕಿರುಚಿದ್ದು, ನಿಯಮದಂತೆ ಲೇಸರುಗಳನ್ನು ಆರಿಸಿ ಎಲ್ಲರೂ ಅಂಗಳಕ್ಕೆ ಹೋದದ್ದು, ಸಣ್ಣ ನಡುಕವಷ್ಟೇ ಆದ್ದರಿಂದ ಹತ್ತು ನಿಮಿಷಕ್ಕೆ ಮರಳಿದ್ದು, ಹೊಸ ಗ್ಲೌಸು ತೊಟ್ಟು ತಾವು ‘ತಾಮ್ರದ ಬಳೆ, ಕೂತಿದೆ’ ಎಂದದ್ದು, ಇಷ್ಟನ್ನೂ ಅವರು ಒಂದೊಂದಾಗಿ ಹೇಳಿದರು.

“ನಡುವೆ ‘ಒರೆಸಿದೆ’ ಅಂತ ನಾನು ಹೇಳಿದ್ದು ನನ್ನ ಕಿವಿಗೆ ನೆನಪಿಲ್ಲ.”

ನಗಾಎ ಸೆನ್ಸೆ ದಿನಚರಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಪುಟ ತೆಗೆದು, ಮೆಲ್ಲಗೆ, ಬಹುಶಃ ತಮ್ಮ ಗುರುವನ್ನು ಉಳಿಸುವ ದನಿಯಲ್ಲಿ ಹೇಳಿದರು: “ಇಲ್ಲಿ ಗುರುತಿದೆಯಲ್ಲ ಇಟೊಯಾಮಾ ಸಾನ್. ನಿಮ್ಮದೇ ಕೈ.”

“ಅದು ಸಂಜೆ ಕೂತು ಸಾಲಾಗಿ ಹಾಕಿದ್ದು ಸೆನ್ಸೆ. ಎಂದೂ ತಪ್ಪಿರಲಿಲ್ಲ ಅಂತ ಹಾಕಿದ್ದು.”

ಪಾತ್ರೆ ತೆರೆದರೆ ಮತ್ತೆ ಒಣಗಿಸಿ ಶೂನ್ಯಕ್ಕೆ ತರಲು ಒಂದು ತಿಂಗಳು. ತೆರೆದು ನೋಡಿದಾಗ ಅಲ್ಲಿ ಏನೂ ಇಲ್ಲದೆ ಹೋದರೆ ಕುಜೆಯ ಜನವರಿ ಕೈತಪ್ಪಿದಂತೆಯೇ. ಅವಳು ಆವರೆಗೂ ಮೇಜಿನ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದವಳು ತಲೆಯೆತ್ತದೆ ಕೇಳಿದಳು:

“ಯಾವತ್ತಿಂದ ಗೊತ್ತಿತ್ತು ನಿಮ್ಗೆ?”

“ಅನುಮಾನ ಬಂದು ಒಂಬತ್ತು ದಿನ.”

“ಒಂಬತ್ತು ದಿನ ನಾನು ಹೀಲಿಯಂ ಊದ್ತಾ ಇದ್ದೆ. ನೀವು ಪಕ್ಕದಲ್ಲಿ ಪೈಪ್ ಹಿಡ್ಕೊಂಡಿದ್ರಿ.”

“ಹೌದು.”

ಅದಕ್ಕೆ ಒಂದು ನೆಪವನ್ನೂ ಅವರು ಹೇಳಲಿಲ್ಲ. ಭಯವಾಗಿತ್ತು ಎಂದಾಗಲಿ, ನಿವೃತ್ತಿ ಹತ್ತಿರವಿತ್ತು ಎಂದಾಗಲಿ ಹೇಳಿದ್ದರೆ ಕೇಳಿದವರಿಗೆ ಕ್ಷಮಿಸುವುದು ಸುಲಭವಾಗುತ್ತಿತ್ತು. ಅವರು ಸೊಂಟದಿಂದ ಬಾಗಿ, ಹಾಗೇ ಬಹಳ ಹೊತ್ತು ಬಾಗಿಯೇ ಇದ್ದರು. ಟಿಪ್ಪಣಿಯಲ್ಲಿ ಏನು ಬರೆಯಲೆಂದು ನಾನು ಸೆನ್ಸೆಯ ಮುಖ ನೋಡಿದೆ. ಅವರು ನೋಡದಂತೆ ಇದ್ದರು. ಕೊನೆಗೆ ಇಟೊಯಾಮಾ ಅವರೇ ನೆಟ್ಟಗಾಗಿ, ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ ಎಂದು ನನಗೆ ಹೇಳಿದರು.

ಪಾತ್ರೆ ತೆರೆಯಬೇಕೇ ಎಂಬುದನ್ನು ಸೆನ್ಸೆ ಕುಜೆಗೇ ಬಿಟ್ಟರು. ಅವಳು ಮಧ್ಯಾಹ್ನದವರೆಗೆ ಕಟ್ಟಡದ ಹಿಂದಿನ ಹಾದಿಯಲ್ಲಿ ಒಬ್ಬಳೇ ಓಡಾಡಿ, ಒಳಗೆ ಬಂದು, ತೆರೆಯೋಣ ಎಂದಳು. ಏಕೆಂದು ಬಹಳ ದಿನಗಳ ಮೇಲೆ ನಾನು ಕೇಳಿದ್ದುಂಟು. ಅವರು ಒರೆಸಲಿಲ್ಲವೆಂದು ತನಗೂ ಖಚಿತವಿರಲಿಲ್ಲ, ಆದರೆ ಗುರುತು ಹಾಕಿದ ಕೈಯೇ ಆ ಗುರುತನ್ನು ನಂಬಬೇಡಿ ಎಂದ ಮೇಲೆ ತಾನು ಇನ್ನೇನನ್ನು ನಂಬಿ ಹೀಲಿಯಂ ಊದಲಿ ಎಂದಳು.

ಹದಿನಾರು ಬೋಲ್ಟುಗಳನ್ನು ಇಟೊಯಾಮಾ ಬಿಚ್ಚಿದರು. ದೀಪಗಳನ್ನು ಆರಿಸಿ, ಕೊಳೆಯನ್ನು ಕಾಣಿಸುವ ಅತಿನೇರಳೆ ದೀಪವನ್ನು ಕುಜೆ ಒಳಗೆ ಹಿಡಿದಳು. ಕಿಟಕಿಯ ಬೆಸುಗೆಯ ಸುತ್ತಲೆಲ್ಲ ಒಂದು ಚುಕ್ಕೆಯೂ ಹೊಳೆಯದೆ ಶುಭ್ರವಾಗಿತ್ತು. ದೀಪ ಒಳಗೋಡೆಯ ಕಡೆಗೆ ತಿರುಗಿತು. ಅಂಚಿನಿಂದ ಎರಡು ಬೆರಳು ಕೆಳಗೆ, ಕಾಯಿಸಿದ್ದರಿಂದ ಕಂದುಗಟ್ಟಿ, ಅರ್ಧಚಂದ್ರನ ಆಕಾರದಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಮಂಕಾಗಿ ಹೊಳೆಯುತ್ತಿತ್ತು. ಅದರ ಗೆರೆಗಳನ್ನು ಎಣಿಸಬಹುದಿತ್ತು.

ಇಟೊಯಾಮಾ ತೋರುಬೆರಳು ಚಾಚಿ, ದಿನವೂ ಹೇಳುವ ದನಿಯಲ್ಲೇ, “ಬೆರಳಚ್ಚು, ಇದೆ,” ಎಂದರು. ಆಮೇಲೆ ಒರೆಸುವ ಬಟ್ಟೆಯನ್ನು ತಾವು ತೆಗೆದುಕೊಳ್ಳದೆ ಕುಜೆಯ ಕೈಗೆ ಕೊಟ್ಟರು. ಅವಳು ಒರೆಸಿದಳು, ಮೂರು ಸಲವೂ ಒರೆಸಿ, ಕೊನೆಗೆ, ಊಟದ ಮನೆಯ ತಮಾಷೆಗಳಿಗೆಲ್ಲ ನಕ್ಕಿದ್ದ ಆ ಹುಡುಗಿ, ಸಣ್ಣ ದನಿಯಲ್ಲಿ, “ಒರೆಸಿದೆ,” ಎಂದಳು.

ಮರುದಿನ ಇಟೊಯಾಮಾ ರೈಲು ಹತ್ತಿ ಹನಾಮಾಕಿಗೆ ಹೋದರು. ತೆರುಯಿ ಅವರ ಕಾರ್ಖಾನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಹೇಳಿ ತಲೆಬಾಗಿದಾಗ ಮುದುಕರು ಅವರನ್ನು ಒಲೆಯ ಹತ್ತಿರ ಕೂರಿಸಿ, “ಹಾಗಾದ್ರೆ ನನ್ನ ಕೈ ಇನ್ನೂ ಇದೆ ಅನ್ನಿ,” ಎಂದರಂತೆ. ಮತ್ತೆ ತುಸು ಬಿಟ್ಟು, “ನಿಮ್ಮ ಕೈ?” ಎಂದು ಕೇಳಿದರಂತೆ. ಅದಕ್ಕೆ ತಾವೇನು ಹೇಳಿದಿರೆಂದು ನಾನು ಕೇಳಿದಾಗ ಇಟೊಯಾಮಾ ಚಹಾ ಕುಡಿದು ಬಂದೆ ಎಂದಷ್ಟೇ ಹೇಳಿದರು.

ಡಿಸೆಂಬರಿನ ಎರಡನೆಯ ವಾರದಲ್ಲಿ ಹಸಿರು ಚುಕ್ಕೆ ಮೂವತ್ತೊಂದು ಸೆಕೆಂಡು ನಿಂತಿತು. ಕುಜೆ ಜನವರಿಯಲ್ಲಿ ಪ್ರಬಂಧ ಒಪ್ಪಿಸಿದಳು, ಪದವಿಯೂ ಬಂತು, ಕೆಲಸವೂ ಉಳಿಯಿತು. ಆದರೆ ಅವಳು ಎಲ್ಲಕ್ಕಿಂತ ಹೆಚ್ಚು ಬಯಸಿದ್ದ ಕೊನೆಯ ಅಳತೆಗೆ ಏಳೆಂಟು ದಿನ ಸಾಲದೆ ಹೋಯಿತು. ಫೆಬ್ರುವರಿಯಲ್ಲಿ ಬೇರೊಂದು ದೇಶದವರು ಅದನ್ನು ಮಾಡಿ ಪ್ರಕಟಿಸಿದರು. ಸಾಲದೆ ಹೋದ ದಿನಗಳು ಆ ಒಂಬತ್ತು ದಿನಗಳಲ್ಲೇ ಇದ್ದವೆಂದು ಆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಸುದ್ದಿ ಬಂದ ದಿನ ಇಟೊಯಾಮಾ ಕುಜೆಯ ಮೇಜಿನ ಹತ್ತಿರ ಹೋಗಿ ನಿಂತರು. ಅವಳು ಪಕ್ಕದ ಕುರ್ಚಿಯ ಮೇಲಿನ ಪುಸ್ತಕಗಳನ್ನೆತ್ತಿ ಅವರಿಗೆ ಜಾಗ ಮಾಡಿದಳು. ಇಬ್ಬರೂ ಆ ಲೇಖನವನ್ನು ಒಂದೇ ಪರದೆಯಲ್ಲಿ ಕೊನೆಯ ಪುಟದವರೆಗೆ ಓದಿದರು. ಚೆನ್ನಾಗಿ ಮಾಡಿದ್ದಾರೆ ಎಂದಳು ಕುಜೆ. ಹೌದು ಎಂದರು ಇವರು.

ಮಾರ್ಚಿನಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಸೆನ್ಸೆ ಸೀನಿನ ಕತೆಯನ್ನು ಹೇಳಲು ಎದ್ದವರು, ಹೇಳಲಾಗದೆ ಕೂತರು.

ನನಗೆ ಇಟೊಯಾಮಾ ಅವರಂಥವರ ಬಗ್ಗೆ ಬಹಳ ದಿನ ಯೋಚನೆ ಹತ್ತಿತ್ತು. ಬೆಳಕು ಬಂದು ಹಿಡಿಯುವ ಆ ಸಾಸಿವೆಯಷ್ಟು ನಿಶ್ಚಲತೆಯನ್ನು ನೋಡಲು ಜನ ದೂರದಿಂದ ಬರುತ್ತಾರೆ, ನೋಡಿದವರ ಹೆಸರು ಲೇಖನಗಳ ತಲೆಯ ಮೇಲೆ ಇರುತ್ತದೆ. ಅದು ಬಂದು ನಿಲ್ಲಲು ಜಾಗವನ್ನು ಬರಿದು ಮಾಡಿಕೊಡುವವರು ಬೇರೆ. ಅವರು ಗುಡಿಸುತ್ತಾರೆ, ಒರೆಸುತ್ತಾರೆ, ಬಿಗಿದು ಮುಚ್ಚುತ್ತಾರೆ, ಹೊರಗೆ ಬಂದು ನಿಲ್ಲುತ್ತಾರೆ. ಒಳಗೆ ತಮ್ಮದೆಂಬುದು ಒಂದು ಚೂರೂ ಉಳಿಯದಿದ್ದಾಗಲೇ ಅವರ ಕೆಲಸ ಪೂರ್ತಿಯಾದಂತೆ. ಆದ್ದರಿಂದ ವರ್ಷಗಟ್ಟಲೆ ಸರಿಯಾಗಿ ಮಾಡಿದ ದಿನಗಳಲ್ಲಿ ಅವರು ಇದ್ದರೆಂಬುದಕ್ಕೆ ಎಲ್ಲಿಯೂ ಸಾಕ್ಷಿಯಿಲ್ಲ. ಸಾಕ್ಷಿ ಸಿಗುವುದು ತಪ್ಪಿದ ಒಂದು ದಿನ ಮಾತ್ರ. ಅದೂ ಕತ್ತಲೆಯಲ್ಲಿ, ಯಾರೂ ಹುಡುಕದ ಗೋಡೆಯ ಮೇಲೆ ಇರುತ್ತದೆ. ಅಲ್ಲಿಗೆ ನಮ್ಮನ್ನು ಕರೆದೊಯ್ಯಲು ಅವರಲ್ಲದೆ ಬೇರೆ ಯಾರೂ ಇಲ್ಲ.